ಸೆಲ್ಯೂಟ್ ಹೊಡೆದದ್ದಾಯ್ತು, ಮುಂದೆ?

ಇವತ್ತು ಜನವರಿ 15, ಸೇನಾ ದಿನ. ಬೆಳಗ್ಗೆಯಿಂದ ಟಿವಿಯಲ್ಲಿ ಪರೇಡ್ ನೋಡಿದ್ದೀರಿ, ವಾಟ್ಸ್ಆ್ಯಪ್ ಸ್ಟೇಟಸ್‌ನಲ್ಲಿ ತ್ರಿವರ್ಣ ಹಾಕಿದ್ದೀರಿ. ತಪ್ಪೇನಿಲ್ಲ, ಹಾಕಬೇಕಾದ್ದೇ. 1949ರ ಇದೇ ದಿನ ಬ್ರಿಟಿಷ್ ಜನರಲ್ ಕೈಯಿಂದ ಭಾರತೀಯ ಸೇನೆಯ ಹೊಣೆ ಹೊತ್ತವರು ನಮ್ಮ ಕೊಡಗಿನ ಕೆ.ಎಂ. ಕಾರ್ಯಪ್ಪ. ಸೇನಾ ದಿನದ ಪರೇಡ್ ಮೊಟ್ಟಮೊದಲ ಬಾರಿಗೆ ದೆಹಲಿ ಬಿಟ್ಟು ಹೊರಗೆ ನಡೆದದ್ದು 2023ರಲ್ಲಿ. ಎಲ್ಲಿ? ನಮ್ಮ ಬೆಂಗಳೂರಿನಲ್ಲಿ, ಎಂಇಜಿ ಕೇಂದ್ರದ ಪರೇಡ್ ಮೈದಾನದಲ್ಲಿ.

ಎಂಇಜಿ ಅಂದ್ರೆ ಮದ್ರಾಸ್ ಇಂಜಿನಿಯರ್ ಗ್ರೂಪ್. ಹಲಸೂರು ಕೆರೆಯ ಪಕ್ಕ ಎಷ್ಟೋ ಸಲ ಓಡಾಡಿರ್ತೀರಿ. ಆ ಕಾಂಪೌಂಡ್ ನೋಡಿರ್ತೀರಿ, ಗೇಟ್‌ನಲ್ಲಿ ನಿಂತ ಜವಾನನನ್ನೂ ನೋಡಿರ್ತೀರಿ. ಒಳಗೆ ಏನು ನಡೆಯುತ್ತೆ ಅಂತ ಯೋಚನೆ ಮಾಡಿದ್ದೀರಾ? ಇವತ್ತು ನಾನು ಪರೇಡ್ ಬಗ್ಗೆ ಮಾತಾಡಲ್ಲ. ಗಡಿ, ಬಂದೂಕು, ಸರ್ಜಿಕಲ್ ಸ್ಟ್ರೈಕ್ ಇವುಗಳ ಬಗ್ಗೆಯೂ ಅಲ್ಲ. ಆ ಕಾಂಪೌಂಡಿನೊಳಗೆ ಕೆಲಸ ಕಲೀತಿರೋ ಹದಿನೆಂಟು-ಹತ್ತೊಂಬತ್ತು ವರ್ಷದ ಹುಡುಗರ ಬಗ್ಗೆ ಮಾತಾಡ್ತೀನಿ.

ಒಬ್ಬ ಹುಡುಗನನ್ನು ಕಣ್ಮುಂದೆ ತಂದುಕೊಳ್ಳಿ. ಬೆಳಗಾವಿ ಜಿಲ್ಲೆಯ ಹುಕ್ಕೇರಿ ಕಡೆಯವನು ಅಂತಿಟ್ಟುಕೊಳ್ಳೋಣ. ಎರಡು ಎಕರೆ ಹೊಲ, ಮನೆಯಲ್ಲಿ ಇಬ್ಬರು ತಂಗಿಯರು. ಎರಡು ವರ್ಷ ನಸುಕಿನಲ್ಲಿ ಎದ್ದು ಡಾಂಬರ್ ರಸ್ತೆ ಮೇಲೆ ಓಡಿದ್ದಾನೆ. ಯಾಕಂದ್ರೆ ಸೇನಾ ಭರ್ತಿಯಲ್ಲಿ 1.6 ಕಿಲೋಮೀಟರನ್ನು ಐದೂವರೆ ನಿಮಿಷದೊಳಗೆ ಓಡಿದವನಿಗೆ ಪೂರ್ತಿ ಅಂಕ. ಓಡಿದ. ಪುಲ್ ಅಪ್ ಹೊಡೆದ. ಒಂಬತ್ತು ಅಡಿ ಹಳ್ಳ ಜಿಗಿದ. ಪರೀಕ್ಷೆ ಬರೆದ, ಮೆಡಿಕಲ್ ಪಾಸಾದ. ಊರಲ್ಲಿ ಹಾರ ಹಾಕಿದರು, ಬ್ಯಾನರ್ ಕಟ್ಟಿದರು. ಕಬ್ಬಿಣದ ಟ್ರಂಕ್ ಹಿಡ್ಕೊಂಡು ರೈಲಿಳಿದು ಆ ಗೇಟ್ ಒಳಗೆ ಹೋದ.

ಮೊದಲು ಹೋಗೋದು ತಲೆಗೂದಲು. ಆಮೇಲೆ ಹೋಗೋದು ‘ನನ್ನ ಟೈಮು’ ಅನ್ನೋ ಮಾತು. ಸೂರ್ಯ ಹುಟ್ಟೋಕೆ ಮೊದಲೇ ಎದ್ದು, ಹಾಸಿಗೆಯನ್ನು ಗೆರೆ ಎಳೆದ ಹಾಗೆ ಮಡಚಿ, ಗಡ್ಡ ಬೋಳಿಸಿ, ಮಗ್‌ನಲ್ಲಿ ಚಹಾ ಕುಡಿದು ಪಿಟಿಗೆ ಸಾಲು ನಿಲ್ಲಬೇಕು. ಓಟ, ಹಗ್ಗ ಹತ್ತೋದು, ದಂಡೆ ಹಾರೋದು. ತಿಂಡಿ. ಮತ್ತೆ ಡ್ರಿಲ್. ಸಾವಧಾನ್, ವಿಶ್ರಾಮ್, ಪೀಛೇ ಮುಡ್. ಕಲಿಸುವವನನ್ನು ಕರೆಯೋದು ಉಸ್ತಾದ್ ಅಂತ. ಉಸ್ತಾದ್ ಮಾತಾಡೋದು ಹಿಂದಿ. ನಮ್ಮ ಹುಡುಗನಿಗೆ ಗೊತ್ತಿರೋ ಹಿಂದಿ ಸಿನಿಮಾದ್ದು. ‘ದಾಹಿನೇ’ ಅಂದರೆ ಎಡಕ್ಕೆ ತಿರುಗಿದ ಅಂದ್ಕೊಳ್ಳಿ. ಅವನೊಬ್ಬ ತಿರುಗಿದ್ದಕ್ಕೆ ಇಡೀ ಸ್ಕ್ವಾಡ್ ರೈಫಲ್ ತಲೆ ಮೇಲೆ ಎತ್ತಿಕೊಂಡು ಮೈದಾನ ಸುತ್ತಬೇಕು. ಅದಕ್ಕೆ ರಗಡಾ ಅಂತಾರೆ. ರಾತ್ರಿ ಬ್ಯಾರಕ್‌ನಲ್ಲಿ ಪಕ್ಕದ ಹಾಸಿಗೆಯ ತಮಿಳು ಹುಡುಗ ಅವನಿಗೆ ದಾಹಿನೇ-ಬಾಯೇ ಹೇಳಿಕೊಡ್ತಾನೆ, ಇವನು ಅವನ ಬೂಟಿಗೆ ಪಾಲಿಶ್ ಹಚ್ಚಿ ಕೊಡ್ತಾನೆ. ಭಾವೈಕ್ಯ ಅಂತ ನಾವು ಭಾಷಣದಲ್ಲಿ ಹೇಳ್ತೀವಲ್ಲ, ಅದು ಅಲ್ಲಿ ಪಾಲಿಶ್ ಡಬ್ಬಿ ಮತ್ತು ನಾಲ್ಕು ಹಿಂದಿ ಪದದ ವ್ಯವಹಾರ.

ಫೋನ್ ಕೈಗೆ ಸಿಗೋದು ಅಪರೂಪ. ಸಿಕ್ಕಾಗ ಅವ್ವನ ಮೊದಲ ಪ್ರಶ್ನೆ, ‘ಉಂಡೇನೋ ತಮ್ಮಾ?’ ಇವನು, ‘ಹೂಂ ಯವ್ವಾ, ಉಂಡೀನಿ, ಆರಾಮ ಅದೀನಿ’ ಅಂತಾನೆ. ಜೋಳದ ರೊಟ್ಟಿ ತಿಂದು ಬೆಳೆದವನಿಗೆ ಲಂಗರ್‌ನ ಊಟ ಇನ್ನೂ ಒಗ್ಗಿಲ್ಲ, ಅಂಗಾಲಲ್ಲಿ ಬೊಬ್ಬೆ ಎದ್ದಿದೆ ಅಂತ ಹೇಳಲ್ಲ. ಇಲ್ಲಿಯವರೆಗಿನದು ನಿಮಗೆ ಗೊತ್ತಿರೋ ಕಥೆ, ಸಿನಿಮಾಗಳಲ್ಲಿ ನೋಡಿರೋದು.

ಸಿನಿಮಾ ತೋರಿಸದೇ ಇರೋದು ಇದರ ನಂತರದ್ದು. ಎಂಇಜಿ ಸೈನಿಕನನ್ನು ಸ್ಯಾಪರ್ ಅಂತಾರೆ. ಬಂದೂಕು ಕಲಿತರೆ ಅವನ ಓದು ಮುಗಿಯಲ್ಲ. ಸೇತುವೆ ಕಟ್ಟಬೇಕು, ನೆಲಬಾಂಬ್ ಹುಡುಕಬೇಕು, ಸ್ಫೋಟಕ ಇಡಬೇಕು, ದೋಣಿ ನಡೆಸಬೇಕು. ಇದೆಲ್ಲದರ ಮೇಲೆ ಒಂದು ಟ್ರೇಡ್. ಒಬ್ಬ ಬಡಗಿ ಆಗ್ತಾನೆ, ಒಬ್ಬ ಗಾರೆ ಕೆಲಸದವನು, ಒಬ್ಬ ಎಲೆಕ್ಟ್ರಿಷಿಯನ್, ಒಬ್ಬ ಪ್ಲಂಬರ್, ಇನ್ನೊಬ್ಬ ಡೋಜರ್ ಓಡಿಸ್ತಾನೆ. ಅಂದ್ರೆ ಪರೇಡ್‌ನಲ್ಲಿ ಎದೆ ಸೆಟೆಸಿಕೊಂಡು ಬರ್ತಾನಲ್ಲ, ಅದೇ ಹುಡುಗ ಮಧ್ಯಾಹ್ನ ಕರಣೆ ಹಿಡಿದು ಗೋಡೆಗೆ ಮಟ್ಟ ನೋಡ್ತಿರ್ತಾನೆ.

ನೆಲಬಾಂಬ್ ಪಾಠ ಹೇಗಿರುತ್ತೆ ಗೊತ್ತಾ? ಹೊಟ್ಟೆ ಮೇಲೆ ಮಲಗಿ, ಕೈಯಲ್ಲಿ ಒಂದು ಸರಳು ಹಿಡಿದು, ಮಣ್ಣಿಗೆ ಓರೆಯಾಗಿ ಚುಚ್ಚುತ್ತಾ ಮುಂದೆ ಹೋಗೋದು. ನೇರವಾಗಿ ಚುಚ್ಚಿದರೆ ಬಾಂಬ್ ತಲೆಗೇ ತಾಗುತ್ತೆ. ಅಂಗುಲ ಅಂಗುಲಕ್ಕೂ ಚುಚ್ಚಬೇಕು, ಒಂದು ಜಾಗ ಬಿಡೋ ಹಾಗಿಲ್ಲ. ಈ ಪಾಠದ ಬೆಲೆ ಎಷ್ಟು ಅಂತ ಈ ಪಡೆಗೆ ಚೆನ್ನಾಗಿ ಗೊತ್ತು. 1944ರ ಫೆಬ್ರವರಿಯಲ್ಲಿ, ಎರಡನೇ ಮಹಾಯುದ್ಧದ ವೇಳೆ ಇಟಲಿಯ ಮಿನ್ಯಾನೊ ಹತ್ತಿರ ಇದೇ ಮದ್ರಾಸ್ ಸ್ಯಾಪರ್ಸ್‌ನ ಸುಬೇದಾರ್ ಸುಬ್ರಮಣಿಯನ್, ಸಿಡಿಯಲಿದ್ದ ನೆಲಬಾಂಬ್ ಮೇಲೆ ತಾವೇ ಬಿದ್ದು ಜೊತೆಯವರನ್ನು ಉಳಿಸಿದರು. ಅದಕ್ಕೆ ಅವರಿಗೆ ಜಾರ್ಜ್ ಕ್ರಾಸ್ ಸಿಕ್ಕಿತು.

ಇನ್ನು ಸೇತುವೆ. ನಾನು ಇಂಜಿನಿಯರಿಂಗ್ ಓದಿದವನು. ಮೊದಲ ವರ್ಷ ನಮಗೂ ವರ್ಕ್‌ಶಾಪ್ ಲ್ಯಾಬ್ ಇತ್ತು. ಒಂದು ಕಬ್ಬಿಣದ ತುಂಡನ್ನು ಅರದಿಂದ ಉಜ್ಜಿ ಉಜ್ಜಿ ಜಾಯಿಂಟ್ ಮಾಡಿ ತೋರಿಸಿದರೆ ಮಾರ್ಕ್ಸ್. ಮೆಕ್ಯಾನಿಕ್ಸ್ ಕ್ಲಾಸ್‌ನಲ್ಲಿ ಟ್ರಸ್ ಚಿತ್ರ ಬರೆದು, ಯಾವ ಸರಳಿನ ಮೇಲೆ ಎಷ್ಟು ಬಲ ಬೀಳುತ್ತೆ ಅಂತ ಲೆಕ್ಕ ಹಾಕ್ತಿದ್ವಿ. ನಾನು ಹಾಕಿದ ಆ ಲೆಕ್ಕವನ್ನೇ ಈ ಹುಡುಗರು ಹೆಗಲ ಮೇಲೆ ಹೊರ್ತಾರೆ. ಬೈಲಿ ಸೇತುವೆ ಅಂತ ಕೇಳಿರ್ತೀರಿ. ಮೂಲ ವಿನ್ಯಾಸದಲ್ಲಿ ಅದರ ಒಂದು ಪ್ಯಾನೆಲ್ ಹತ್ತು ಅಡಿ ಉದ್ದ, ಸುಮಾರು 260 ಕೆಜಿ ತೂಕ. ಆರು ಜನ ಸೇರಿ ಎತ್ತಬೇಕು. ಒಬ್ಬ ಹೆಜ್ಜೆ ತಪ್ಪಿದರೆ ಉಳಿದ ಐವರ ಬೆರಳು, ಕಾಲು ಹೋಗುತ್ತೆ. ಡ್ರಿಲ್‌ನಲ್ಲಿ ಒಬ್ಬನ ತಪ್ಪಿಗೆ ಎಲ್ಲರಿಗೂ ಯಾಕೆ ರಗಡಾ ಅನ್ನೋದು ಅವತ್ತು ಅವನಿಗೆ ಅರ್ಥ ಆಗುತ್ತೆ. ಪ್ಯಾನೆಲ್‌ಗೆ ಪ್ಯಾನೆಲ್ ಸೇರಿಸಿ ಪಿನ್ ಹೊಡೆದು, ಇಡೀ ಸೇತುವೆಯನ್ನು ಒಂದೇ ದಡದಲ್ಲಿ ಜೋಡಿಸಿ, ರೋಲರ್ ಮೇಲೆ ಇಟ್ಟು ಆಚೆ ದಡಕ್ಕೆ ತಳ್ತಾರೆ. ಮುಂದಿನ ಭಾಗ ಹಗುರ ಇರಬೇಕು, ಹಿಂದಿನದು ಭಾರ ಇರಬೇಕು. ಇಲ್ಲ ಅಂದ್ರೆ ಮೂಗು ಮುಗ್ಗರಿಸಿ ನೀರಿಗೆ ಬೀಳುತ್ತೆ.

2024ರ ಜುಲೈ 30ನ್ನು ನೆನಪು ಮಾಡ್ಕೊಳ್ಳಿ. ವಯನಾಡಿನಲ್ಲಿ ಗುಡ್ಡ ಕುಸಿದು ಊರಿಗೆ ಊರೇ ಕೊಚ್ಚಿಹೋಯ್ತು. ಚೂರಲ್‌ಮಲೆಯಲ್ಲಿದ್ದ ಸೇತುವೆ ಹೋಯ್ತು. ಆಚೆ ಮುಂಡಕ್ಕೈಗೆ ಜೆಸಿಬಿ, ಆಂಬುಲೆನ್ಸ್ ದಾಟೋ ಹಾಗಿರಲಿಲ್ಲ. ಅಲ್ಲಿಗೆ ಹೋದದ್ದು ಬೆಂಗಳೂರಿನ ಎಂಇಜಿ. 190 ಅಡಿ ಉದ್ದದ, 24 ಟನ್ ತಡೆಯೋ ಬೈಲಿ ಸೇತುವೆಯನ್ನು ಮಳೆಯಲ್ಲಿ, ರಾತ್ರಿ-ಹಗಲು, ಸುಮಾರು 31 ಗಂಟೆಯಲ್ಲಿ ಕಟ್ಟಿ ಆಗಸ್ಟ್ 1ರ ಸಂಜೆ ಬಿಟ್ಟುಕೊಟ್ಟರು. ಮುಂದೆ ನಿಂತು ಕಟ್ಟಿಸಿದವರಲ್ಲಿ ಮೇಜರ್ ಸೀತಾ ಶೆಳ್ಕೆ ಅವರ ಚಿತ್ರ ನೀವೆಲ್ಲ ನೋಡಿದ್ದೀರಿ. ಹತ್ತು ಅಡಿಗೊಂದು ಪ್ಯಾನೆಲ್ ಅಂದ್ರೆ, ಎರಡೂ ಬದಿಗೆ ಒಂದೊಂದೇ ಸಾಲು ಹಿಡಿದರೂ 38 ಪ್ಯಾನೆಲ್. ಹತ್ತಿರ ಹತ್ತಿರ 10 ಟನ್ ಉಕ್ಕು. ಉದ್ದವೂ ಭಾರವೂ ಹೆಚ್ಚಾದ ಹಾಗೆ ಸಾಲುಗಳನ್ನು ಹೆಚ್ಚಿಸಲೇಬೇಕು. ಅಷ್ಟನ್ನೂ ಜೋಡಿಸಿದ್ದು ಟ್ರೇಡ್ ಕಲಿತ ಕೈಗಳು.

ಈಗ ವಿಷಯಕ್ಕೆ ಬರ್ತೀನಿ. 2022ರ ಜೂನ್‌ನಲ್ಲಿ ಅಗ್ನಿಪಥ ಯೋಜನೆ ಬಂತು. ಈಗ ಸಿಪಾಯಿಯಾಗಿ ಸೇರೋ ಹುಡುಗ ಅಗ್ನಿವೀರ. ತರಬೇತಿಯೂ ಸೇರಿ ನಾಲ್ಕು ವರ್ಷ. ಅದರ ಕೊನೆಗೆ ಖಾಯಂ ಆಗೋದು ಹೆಚ್ಚೆಂದರೆ ನೂರಕ್ಕೆ 25 ಜನ. ಉಳಿದವರು ಮನೆಗೆ. ಮೊದಲ ವರ್ಷ ತಿಂಗಳಿಗೆ 30 ಸಾವಿರ, ಅದರಲ್ಲಿ ಕೈಗೆ 21 ಸಾವಿರ. ಉಳಿದದ್ದು ಸೇವಾ ನಿಧಿಗೆ. ಹೊರಗೆ ಬರುವಾಗ ಸರ್ಕಾರದ ಪಾಲೂ ಬಡ್ಡಿಯೂ ಸೇರಿ ಸುಮಾರು 11.71 ಲಕ್ಷ ಅಂತ ಹೇಳಿದ್ದಾರೆ. ಪಿಂಚಣಿ ಇಲ್ಲ. ಹಿಂದಿನ ಸಿಪಾಯಿಗೆ 15 ವರ್ಷ ತುಂಬಿದರೆ ಪಿಂಚಣಿ ಇತ್ತು. ಸೇನೆಗೆ ಯುವಕರು ಬೇಕು, ಸರಾಸರಿ ವಯಸ್ಸು ಇಳಿಯಬೇಕು ಅಂತ ಸರ್ಕಾರ ಹೇಳುತ್ತೆ. ಅನುಭವ ಬಲಿಯೋ ಹೊತ್ತಿಗೆ ಹುಡುಗ ಹೊರಗೆ ಅಂತ ವಿರೋಧಿಸುವವರು ಹೇಳ್ತಾರೆ. ಈ ಚರ್ಚೆಯನ್ನು ಇದೇ ಸ್ಟುಡಿಯೋದಲ್ಲಿ ಎಷ್ಟು ಸಲ ಮಾಡಿದ್ದೀವಿ! ಎರಡೂ ಕಡೆ ಕೂಗಾಡಿ, ಬ್ರೇಕ್ ತಗೊಂಡು ಮುಗಿಸಿದ್ದೀವಿ.

ಆದರೆ ಕ್ಯಾಲೆಂಡರ್ ನಮ್ಮ ಚರ್ಚೆಗೆ ಕಾಯಲ್ಲ. ಮೊದಲ ಬ್ಯಾಚ್ ತರಬೇತಿ ಶುರು ಮಾಡಿದ್ದು 2023ರ ಆರಂಭದ ಹೊತ್ತಿಗೆ. ಲೆಕ್ಕ ಹಾಕಿ. ಈ ವರ್ಷ, 2026, ಮುಗಿಯೋ ಹೊತ್ತಿಗೆ ಅವರ ನಾಲ್ಕು ವರ್ಷ ಮುಗಿಯುತ್ತೆ. ಇಪ್ಪತ್ತೆರಡು-ಇಪ್ಪತ್ತಮೂರು ವರ್ಷದ ಹುಡುಗರು ಟ್ರಂಕ್ ಹಿಡ್ಕೊಂಡು ಮತ್ತೆ ಊರಿನ ಬಸ್ ಸ್ಟ್ಯಾಂಡ್‌ನಲ್ಲಿ ಇಳೀತಾರೆ. ಆಗ ನಾವು ಅವರಿಗೆ ಏನು ಕೆಲಸ ಕೊಡ್ತೀವಿ?

ನನಗೆ ಭಯ ಇರೋದು ಇಲ್ಲೇ. ಮಾಜಿ ಸೈನಿಕ ಅಂದ ತಕ್ಷಣ ನಮ್ಮ ನಗರಗಳಿಗೆ ಹೊಳೆಯೋದು ಒಂದೇ ಕೆಲಸ, ಸೆಕ್ಯೂರಿಟಿ ಗಾರ್ಡ್. ಅಪಾರ್ಟ್‌ಮೆಂಟ್ ಗೇಟ್‌ನಲ್ಲಿ, ಎಟಿಎಂ ಪಕ್ಕದಲ್ಲಿ, ಮಾಲ್‌ನ ಪಾರ್ಕಿಂಗ್‌ನಲ್ಲಿ. ಆ ಕೆಲಸ ಕೀಳು ಅಂತ ನಾನು ಹೇಳ್ತಿಲ್ಲ. ಆದರೆ ಯೋಚನೆ ಮಾಡಿ. ಒಳಗೆ ನಿಮ್ಮ ಲಿಫ್ಟ್ ಕೆಟ್ಟಿದೆ, ಪಂಪ್ ಸುಟ್ಟಿದೆ, ಜನರೇಟರ್ ನೋಡೋಕೆ ಜನ ಸಿಗ್ತಿಲ್ಲ ಅಂತ ಅಸೋಸಿಯೇಷನ್ ಮೀಟಿಂಗ್‌ನಲ್ಲಿ ಜಗಳ ಆಡ್ತಿರ್ತೀರಿ. ಹೊರಗೆ ಗೇಟ್‌ನಲ್ಲಿ ಸೇನೆಯಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಕಲಿತ ಹುಡುಗ ನಿಮ್ಮ ಕಾರ್ ನಂಬರ್ ಬರ್ಕೊಳ್ತಾ ನಿಂತಿರ್ತಾನೆ. ಅವನನ್ನು ಯಾರೂ ಕೇಳೇ ಇಲ್ಲ, ‘ತಮ್ಮಾ, ಸೇನೆಯಲ್ಲಿ ನೀನು ಏನು ಕೆಲಸ ಮಾಡ್ತಿದ್ದೆ?’ ಅಂತ.

ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ ಅಗ್ನಿವೀರರಿಗೆ ಶೇ 10 ಮೀಸಲಾತಿ ಅಂತ 2022ರಲ್ಲೇ ಘೋಷಣೆ ಆಯ್ತು. ಒಳ್ಳೇದೇ. ಆದರೆ ಅದೂ ಮತ್ತೊಂದು ಯೂನಿಫಾರ್ಮ್, ಮತ್ತೊಂದು ಬಂದೂಕು. ಕೈಯಲ್ಲಿರೋ ವಿದ್ಯೆಗೆ ಬೆಲೆ ಎಲ್ಲಿ? ಹೊರಗೆ ಬರುವಾಗ ಯಾವ ಕೌಶಲ ಕಲಿತ ಅನ್ನೋ ಸರ್ಟಿಫಿಕೇಟ್ ಕೊಡ್ತೀವಿ ಅಂತ ಸರ್ಕಾರ ಹೇಳಿದೆ. ಆ ಕಾಗದವನ್ನು ಓದೋ ಅಧಿಕಾರಿ ಇಲ್ಲದಿದ್ದರೆ ಅದು ಟ್ರಂಕ್‌ನಲ್ಲೇ ಹಳದಿಯಾಗುತ್ತೆ. ಹಾಗಾಗಿ ನನ್ನ ಮೊದಲ ಬೇಡಿಕೆ ರಾಜ್ಯ ಸರ್ಕಾರಕ್ಕೆ. ಲೋಕೋಪಯೋಗಿ, ಜಲಮಂಡಳಿ, ಎಸ್ಕಾಂಗಳು, ಸಾರಿಗೆ ನಿಗಮಗಳು, ಈ ಎಲ್ಲ ಕಡೆ ಸೇನೆಯ ಟ್ರೇಡ್ ಸರ್ಟಿಫಿಕೇಟ್ ಯಾವ ಹುದ್ದೆಗೆ ಸಮ ಅಂತ ಒಂದು ಪಟ್ಟಿ ಈಗಲೇ ಮಾಡಿ. ಹುಡುಗರು ಬಂದು ಪ್ರತಿಭಟನೆಗೆ ಕೂತ ಮೇಲೆ ಮಾಡಬೇಡಿ.

ಎರಡನೇದು, ಬಿಲ್ಡರ್‌ಗಳಿಗೆ, ಕಾರ್ಖಾನೆ ಮಾಲೀಕರಿಗೆ. ‘ಕೆಲಸ ಗೊತ್ತಿರೋರು ಸಿಗಲ್ಲ ಸಾರ್’ ಅಂತ ಸಿಕ್ಕಾಗಲೆಲ್ಲ ಹೇಳ್ತೀರಿ. ಮಳೆಯಲ್ಲಿ ರಾತ್ರಿಯಿಡೀ ಪಿನ್ ಹೊಡೆಯೋದು ಕಲಿತವರು ಬರ್ತಿದ್ದಾರೆ. ದಯೆ ತೋರಿಸಬೇಡಿ, ಒಂದು ಟ್ರೇಡ್ ಟೆಸ್ಟ್ ಕೊಡಿ. ಪಾಸಾದವನಿಗೆ ಸರಿಯಾದ ಸಂಬಳ ಕೊಡಿ.

ಮೂರನೇದು, ಈಗ ತರಬೇತಿಯಲ್ಲಿರೋ ಹುಡುಗರಿಗೆ. ಪಿಟಿಯಲ್ಲಿ ಬೆವರು ಹರಿಸಿದ ಮೇಲೆ ಮಧ್ಯಾಹ್ನದ ಟ್ರೇಡ್ ಕ್ಲಾಸ್‌ನಲ್ಲಿ ಕಣ್ಣು ಎಳೆಯುತ್ತೆ, ಗೊತ್ತು. ಆದರೂ ಎದ್ದು ಕೂತ್ಕೊಳ್ಳಿ. ನಾಲ್ಕು ವರ್ಷದ ನಂತರ ರೈಫಲ್ ವಾಪಸ್ ಕೊಟ್ಟು ಬರ್ತೀರಿ, ಕೈಕೆಲಸ ಯಾರೂ ವಾಪಸ್ ಕೇಳಲ್ಲ. ಅಗ್ನಿವೀರರಿಗಾಗಿಯೇ ಇಗ್ನೋ ಪದವಿ ಕೋರ್ಸ್ ಇದೆ, ಸೇನೆಯಲ್ಲಿ ಪಡೆದ ತರಬೇತಿಗೂ ಅದರಲ್ಲಿ ಕ್ರೆಡಿಟ್ ಸಿಗುತ್ತೆ. ಬಿಡಬೇಡಿ.

ಕೊನೇದು ಅಪ್ಪ-ಅಮ್ಮಂದಿರಿಗೆ. ತರಬೇತಿ ಮುಗಿದ ದಿನ ಮಗ ಪ್ರಮಾಣ ಮಾಡುವಾಗ ನಿಮ್ಮ ಎದೆಗೆ ಗೌರವ ಪದಕ ಹಾಕ್ತಾರೆ. ಹೆಮ್ಮೆಯಿಂದ ಹಾಕಿಸ್ಕೊಳ್ಳಿ. ಆದರೆ ಸೇವಾ ನಿಧಿ ಕೈಗೆ ಬಂದಾಗ ಮದುವೆಗೆ, ಆರ್‌ಸಿಸಿ ಮನೆಗೆ ಒಂದೇ ಸಲ ಸುರಿಯೋ ಮೊದಲು ಮಗನನ್ನು ಒಂದು ಮಾತು ಕೇಳಿ. ಆ ದುಡ್ಡಲ್ಲಿ ಅವನದೇ ಒಂದು ವೆಲ್ಡಿಂಗ್ ಅಂಗಡಿ ಆಗಬಹುದು, ಒಂದು ಗ್ಯಾರೇಜ್ ಆಗಬಹುದು.

ಪರೇಡ್ ಮುಂದಿನ ವರ್ಷವೂ ಇರುತ್ತೆ, ನಾವು ಲೈವ್ ತೋರಿಸ್ತೀವಿ. ಆದರೆ ಆ ಹೊತ್ತಿಗೆ ಮೊದಲ ಅಗ್ನಿವೀರರು ನಿಮ್ಮ ಊರಿಗೆ ಬಂದಿರ್ತಾರೆ. ಮಾತಾಡಿಸಿ, ಯಾವ ಟ್ರೇಡ್ ಅಂತ ಕೇಳಿ. ನಿಮ್ಮಲ್ಲಿ ಕೆಲಸ ಇದ್ದರೆ ಕರೀರಿ, ಇಲ್ಲದಿದ್ದರೆ ಇರೋರ ನಂಬರ್ ಕೊಡಿ.