ಕಷ್ಟಕ್ಕಾದ ನಮ್ಮ ಗ್ರೂಪು



ನಮ್ಮ ಎಸ್ಸೆಸ್ಸೆಲ್ಸಿ ಬ್ಯಾಚಿನವರದ್ದೊಂದು ವಾಟ್ಸಾಪ್ ಗ್ರೂಪ್ ಇದೆ. ಮಕ್ಕಳ ಜ್ವರ, ಈರುಳ್ಳಿ ರೇಟು, ಬೋರ್‌ವೆಲ್ ಕೆಟ್ಟದ್ದು, ಎಲ್ಲವೂ ಅಲ್ಲಿಗೆ ಬರುತ್ತದೆ.

2020ರ ಲಾಕ್‌ಡೌನಿನಲ್ಲಿ ಬೆಂಗಳೂರಿನ ನನ್ನ ಕೆಲಸ ಹೋಯಿತು. ಅಪ್ಪನಿಗೆ ಹೇಳುವ ಧೈರ್ಯವಾಗಲಿಲ್ಲ. ಒಂದು ರಾತ್ರಿ ಗ್ರೂಪಿನಲ್ಲಿ ಬರೆದೆ. ಯಾರೂ ಆಡಿಕೊಳ್ಳಲಿಲ್ಲ.

ಸಾಲದ ಕಂತು ಮುಂದೂಡಲು ರಿಸರ್ವ್ ಬ್ಯಾಂಕ್ ಆಗಸ್ಟ್‌ವರೆಗೆ ಅವಕಾಶ ಕೊಟ್ಟಿತ್ತು. ನಾನು ಅದನ್ನೇ ನೆಚ್ಚಿಕೊಂಡಿದ್ದೆ. ಊರಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ಗೆಳೆಯ ಬರೆದ: "ಕಂತು ನಿಂತರೂ ಬಡ್ಡಿ ನಿಲ್ಲಲ್ಲ ಕಣೋ. ಮೊದಲು ಖರ್ಚಿನ ಲೆಕ್ಕ ಬರಿ." ಅಂಗನವಾಡಿ ಕಾರ್ಯಕರ್ತೆಯಾಗಿರುವ ಸಹಪಾಠಿ ತನ್ನ ಲೆಕ್ಕದ ಪುಸ್ತಕದ ಫೋಟೋ ಕಳಿಸಿದಳು. ಹಾಲು, ಎಣ್ಣೆ, ಕರೆಂಟ್ ಬಿಲ್ಲು. ಕೊನೆಯ ಸಾಲಿನಲ್ಲಿ ಉಳಿತಾಯ 500 ರೂಪಾಯಿ. ಅಷ್ಟು ಕಡಿಮೆ ಗೌರವಧನದಲ್ಲಿ! ನನಗೆ ನಾಚಿಕೆಯಾಯಿತು.

ಮರುದಿನವೇ ನಾನೂ ಬರೆಯತೊಡಗಿದೆ. ಹೊರಗಿನ ಊಟ, ಬೇಡದ ಆನ್‌ಲೈನ್ ಚಂದಾಗಳು ನಿಂತವು. ಐದನೇ ತಿಂಗಳು ಬೇರೆ ಕೆಲಸ ಸಿಕ್ಕಿತು. ಅಲ್ಲಿಯವರೆಗೆ ಒಂದು ಕಂತೂ ತಪ್ಪಲಿಲ್ಲ. ಆಮೇಲೆ ಅಪ್ಪನಿಗೂ ಹೇಳಿದೆ.

ಈಗ ಗ್ರೂಪಿನಲ್ಲಿ ಯಾರಾದರೂ ನಾಲ್ಕು ದಿನ ಸುಮ್ಮನಿದ್ದರೆ ನಾವೇ ಫೋನ್ ಮಾಡುತ್ತೇವೆ. ಮಕ್ಕಳೇ, ಇಂದು ನಿಮ್ಮ ಪಕ್ಕದಲ್ಲಿ ಕೂತವರನ್ನು ಮುಂದೆಯೂ ಬಿಡಬೇಡಿ. ಕಷ್ಟ ಬಂದಾಗ ಮುಚ್ಚಿಡದೆ ಅವರಿಗೆ ಹೇಳಿ.