ಎಂಬತ್ತೇಳರಲ್ಲಿ ಒಂದು ಪಾಲಿನ ಊರು

(ಬಾನುಲಿ ಭಾಷಣದ ಪಠ್ಯ)



ನಿವೃತ್ತನಾದ ಅಧ್ಯಾಪಕನಿಗೆ ಎರಡು ಅಪಾಯಗಳುಂಟು. ಮುನ್ನುಡಿ ಬರೆದುಕೊಡಿರೆಂದು ಯಾರಾದರೂ ಹಸ್ತಪ್ರತಿ ಹಿಡಿದು ಬರುವುದು ಒಂದು. ಮೊಮ್ಮಕ್ಕಳು ಆಟಕ್ಕೆ ಕರೆಯುವುದು ಇನ್ನೊಂದು. ಮೊದಲನೆಯದರಿಂದ ಹೇಗೋ ಪಾರಾಗುತ್ತ ಬಂದಿದ್ದೇನೆ. ಎರಡನೆಯದಕ್ಕೆ ಮಾತ್ರ, ಜರ್ಮನಿಯ ಸ್ಟಟ್‌ಗಾರ್ಟ್ ನಗರದಲ್ಲಿ ಮಗಳ ಮನೆಯಲ್ಲಿ ಮೂರು ತಿಂಗಳಿದ್ದಾಗ, ಸಂಪೂರ್ಣವಾಗಿ ಸಿಕ್ಕಿಬಿದ್ದೆ. ಹತ್ತು ವರ್ಷದ ಮೊಮ್ಮಗನಿಗೆ ಆಟದ ರೈಲಿನ ಹುಚ್ಚು. ಒಂದು ಹಲಗೆಯ ಮೇಲೆ ಅವನ ಹಳಿಗಳು ಸುತ್ತು ಹೊಡೆದಿದ್ದವು, ರೈಲು ಓಡುತ್ತಿತ್ತು, ಆದರೆ ಅದು ಹೊರಟು ತಲಪುವುದಕ್ಕೆ ಒಂದು ಊರೇ ಇರಲಿಲ್ಲ. “ತಾತ, ನಾವು ಊರು ಕಟ್ಟೋಣ” ಎಂದ.

ಆ ಸೀಮೆಯಲ್ಲಿ ಇದನ್ನು ಬರಿಯ ಮಕ್ಕಳಾಟವೆಂದರೆ ದೊಡ್ಡವರು ಮುನಿಸಿಕೊಂಡಾರು. ಸ್ಟಟ್‌ಗಾರ್ಟಿಗೆ ಸಮೀಪದ ಗ್ಯೋಪಿಂಗೆನ್ ಎಂಬ ಊರಿನಲ್ಲಿ 1859ರಲ್ಲಿ ಹುಟ್ಟಿದ ಮ್ಯಾರ್ಕ್ಲಿನ್ ಸಂಸ್ಥೆ ಮೊದಲು ಬೊಂಬೆಮನೆಯ ಪಾತ್ರೆಪಡಗಗಳನ್ನು ಮಾಡುತ್ತಿತ್ತು. 1891ರಲ್ಲಿ ಲೈಪ್‌ಜಿಗ್ ಜಾತ್ರೆಯಲ್ಲಿ ಹಳಿಗಳ ಮೇಲೆ ಓಡುವ ಆಟದ ರೈಲನ್ನು ತಂದಿಟ್ಟಿತು. ರೈಲಿಗೆ ತಕ್ಕ ಮನೆಗಳನ್ನು ಬಿಡಿಬಿಡಿಯಾಗಿ ಪೆಟ್ಟಿಗೆಯಲ್ಲಿಟ್ಟು ಮಾರುವ ಉದ್ಯಮದ ದೊಡ್ಡ ಹೆಸರು ಫಾಲರ್. ಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಕಪ್ಪು ಕಾಡಿನ ಗ್ಯೂಟೆನ್‌ಬಾಖ್ ಎಂಬಲ್ಲಿ ಎಡ್ವಿನ್ ಮತ್ತು ಹೆರ್ಮನ್ ಫಾಲರ್ ಎಂಬ ಸೋದರರು ಅದನ್ನು ಆರಂಭಿಸಿದರು. ದೇಶದ ನಿಜವಾದ ಊರುಗಳು ಇಟ್ಟಿಗೆಯ ರಾಶಿಯಾಗಿ ಬಿದ್ದಿದ್ದ ಹೊತ್ತಿನಲ್ಲಿ ಕೆಂಪು ಹೆಂಚಿನ ಪುಟ್ಟ ಮನೆಗಳನ್ನು ಮಾಡಿ ಮಾರಲು ಹೊರಟವರ ಮನಸ್ಸು ಎಂಥದಿತ್ತೋ ಎಂದು ನಾನು ಬಹಳ ಯೋಚಿಸಿದ್ದೇನೆ.

ಅಂಗಡಿಗೆ ಹೋದೆವು. ಗೋಡೆ ತುಂಬ ಪೆಟ್ಟಿಗೆಗಳು. ನನ್ನ ಕಣ್ಣು ನೇರವಾಗಿ ಒಂದು ದೊಡ್ಡ ಇಗರ್ಜಿಯ ಮೇಲೆ ಬಿತ್ತು. ಮೊಮ್ಮಗ ನನಗೆ ಲೆಕ್ಕ ಹೇಳಿಕೊಟ್ಟ. ಅವನ ರೈಲಿನ ಅಳತೆ ಎಚ್‌ಓ, ಅಂದರೆ ನಿಜದ ಎಂಬತ್ತೇಳರಲ್ಲಿ ಒಂದು ಪಾಲು. ಎರಡು ಮೀಟರಿನ ಬಾಗಿಲು ಇಪ್ಪತ್ತಮೂರು ಮಿಲಿಮೀಟರು. ಹತ್ತಿರದ ಉಲ್ಮ್ ಪಟ್ಟಣದ ಇಗರ್ಜಿಯ ಗೋಪುರ 161.5 ಮೀಟರ್, ಅದನ್ನು ಪ್ರಾಮಾಣಿಕವಾಗಿ ಕಿರಿದುಗೊಳಿಸಿದರೂ ನನ್ನ ತಲೆಗಿಂತ ಎತ್ತರವಾದೀತು! ಆದುದರಿಂದ ಪೆಟ್ಟಿಗೆ ಮಾಡುವವರು ದೊಡ್ಡ ಕಟ್ಟಡಗಳನ್ನು ಲೆಕ್ಕಕ್ಕಿಂತ ಹೆಚ್ಚಾಗಿಯೇ ಕುಗ್ಗಿಸುತ್ತಾರೆ. ಬಾಗಿಲನ್ನು ಮಾತ್ರ ಹೆಚ್ಚು ಕುಗ್ಗಿಸುವಂತಿಲ್ಲ. ಪಕ್ಕದಲ್ಲಿ ನಿಲ್ಲುವ ಎರಡು ಸೆಂಟಿಮೀಟರಿನ ಮನುಷ್ಯ ಕೂಡಲೆ ಗುಟ್ಟನ್ನು ರಟ್ಟು ಮಾಡುತ್ತಾನೆ. ಪೆಟ್ಟಿಗೆ ಆರಿಸುವಾಗ ಗೋಪುರವನ್ನು ನೋಡದೆ ಬಾಗಿಲನ್ನು ನೋಡಬೇಕೆಂದು ಕಲಿತೆ.

ಅಂಗಡಿಯ ಮುದುಕರು ಕೇಳಿದ ಮೊದಲ ಪ್ರಶ್ನೆ ಬೆಲೆಯದಲ್ಲ. “ನಿಮ್ಮ ಊರು ಯಾವ ಕಾಲದ್ದು?” ಎಂದರು. ಈ ಹವ್ಯಾಸಿಗಳು ರೈಲಿನ ಚರಿತ್ರೆಯನ್ನು ಯುಗಗಳಾಗಿ ವಿಂಗಡಿಸಿಕೊಂಡಿದ್ದಾರೆ, ನಾವು ಸಾಹಿತ್ಯವನ್ನು ಪಂಪಯುಗ, ಬಸವಯುಗ ಎನ್ನುವ ಹಾಗೆ. ಯುದ್ಧಾನಂತರದಿಂದ ಸುಮಾರು 1970ರ ವರೆಗಿನದು ಮೂರನೆಯ ಯುಗ. ಉಗಿಬಂಡಿ, ಡೀಸೆಲ್ಲು, ವಿದ್ಯುತ್ತು ಮೂರೂ ಒಂದೇ ಹಳಿಯ ಮೇಲೆ ಸಿಗುವ ಕಾಲ. ಅದಕ್ಕೆ ಗಿರಾಕಿಗಳು ಬಹಳ. ಯುಗವೊಂದಾಯಿತು, ಇನ್ನು ಸೀಮೆ. ಕಡಲ ದಂಡೆಯ ಇಟ್ಟಿಗೆಮನೆಯನ್ನು ಕಪ್ಪು ಕಾಡಿನ ಮನೆಯ ಪಕ್ಕದಲ್ಲಿ ನಿಲ್ಲಿಸುವಂತಿಲ್ಲ. ನಾವು ಕಪ್ಪು ಕಾಡಿನ ರೈತನ ಮನೆಯನ್ನು ಆರಿಸಿದೆವು. ನೆಲವನ್ನು ಮುಟ್ಟುವಂತೆ ಇಳಿದ ಮಾಡು. ದನ, ಹುಲ್ಲು, ಜನ ಎಲ್ಲವೂ ಅದರ ಅಡಿಯಲ್ಲೇ. ನೋಡಿದೊಡನೆ ಮಲೆನಾಡು ನೆನಪಾಯಿತು. ಜೊತೆಗೆ ಹೆಂಚಿನ ಮಾಡಿನದೊಂದು ಸಣ್ಣ ನಿಲ್ದಾಣವನ್ನೂ ಕೊಂಡೆವು.

ಜೋಡಣೆಯ ವಿಚಾರ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಗೋಡೆ, ಕಿಟಕಿ, ಕೊಳವೆಗಳೆಲ್ಲ ಪ್ಲಾಸ್ಟಿಕ್ ಚೌಕಟ್ಟಿಗೆ ಕಾಯಿಗಳಂತೆ ಅಂಟಿಕೊಂಡಿರುತ್ತವೆ. ಕೈಯಿಂದ ಮುರಿದರೆ ಅಂಚಿನಲ್ಲಿ ಗಾಯವಾಗುತ್ತದೆ. ಸಣ್ಣ ಇಕ್ಕಳದಿಂದ ಕತ್ತರಿಸಿ, ಉಳಿದ ಮೊಳೆಯನ್ನು ಅರದಿಂದ ಉಜ್ಜಿ ತೆಗೆಯಬೇಕು. ಬೇಕಾದ ಹೊತ್ತಿಗೆ ಬೇಕಾದುದನ್ನೇ ಕತ್ತರಿಸಬೇಕು. ನಾನು ಉತ್ಸಾಹದಿಂದ ಎಲ್ಲವನ್ನೂ ಒಮ್ಮೆಗೇ ಬಿಡಿಸಿ ರಾಶಿ ಹಾಕಿ, ಹನ್ನೊಂದು ಕಿಟಕಿಗಳಲ್ಲಿ ಯಾವುದು ಎಲ್ಲಿಯದೆಂದು ತಿಳಿಯದೆ ಮೊಮ್ಮಗನಿಂದ ಬೈಸಿಕೊಂಡೆ. ಬಣ್ಣ ಬಳಿಯುವುದಿದ್ದರೆ ಜೋಡಿಸುವ ಮೊದಲೇ ಬಳಿಯಬೇಕು. ಒಳಗೆ ದೀಪವಿಡುವುದಾದರೆ ಗೋಡೆಯ ಒಳಮೈಗೆ ಕಪ್ಪು ಬಣ್ಣವನ್ನೋ ಕಪ್ಪು ಕಾಗದವನ್ನೋ ಕೊಡಬೇಕು; ಇಲ್ಲವಾದರೆ ಮನೆಯೇ ಲಾಂದ್ರದಂತೆ ಬೆಳಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದುದು ಅಂಟು. ಅದು ನಮ್ಮ ಗೋಂದಿನಂತೆ ನಡುವೆ ಕುಳಿತು ಎರಡನ್ನು ಹಿಡಿಯುವ ವಸ್ತುವಲ್ಲ. ಪ್ಲಾಸ್ಟಿಕ್ಕನ್ನೇ ಕರಗಿಸಿ ಎರಡು ತುಂಡುಗಳನ್ನು ಒಂದೇ ತುಂಡಾಗಿ ಬೆಸೆಯುತ್ತದೆ. ಸೂಜಿಯಂಥ ಮೂತಿಯಿಂದ ಒಂದೇ ಹನಿ ಸಾಕು. ಹೆಚ್ಚಾಗಿ ಹರಿದರೆ ಗೋಡೆಯ ಮುಖವೇ ಕರಗುತ್ತದೆ. ಒಣಗಿದ ಮೇಲೆ ಬಿಡಿಸಿ ಸರಿಪಡಿಸುವ ಮಾತಿಲ್ಲ. ಆದಕಾರಣ ಬಲ್ಲವರು ಅಂಟಿಲ್ಲದೆ ಮೊದಲೊಮ್ಮೆ ಎಲ್ಲವನ್ನೂ ಕೂಡಿಸಿ ನೋಡುತ್ತಾರೆ. ರೈತನ ಮನೆ ಒಂದು ವಾರದಲ್ಲಿ ಎದ್ದು ನಿಂತಿತು. ಮಾಡಿಗೆ ತೆಳುವಾಗಿ ಬೂದು ಬಣ್ಣ ಸವರಿ ಮಳೆಗಾಲಗಳನ್ನು ಕಾಣಿಸಿದೆವು.

ಇನ್ನು ನಿಲ್ದಾಣದ ಸರದಿ. ಪೆಟ್ಟಿಗೆಯ ಮೇಲಿನ ಚಿತ್ರ ನೋಡುತ್ತ ನಾನು ಸುಮ್ಮನಿರಲಾರದೆ, “ನಿನ್ನ ಮುತ್ತಾತ ಇಂಥದೇ ಒಂದು ಸ್ಟೇಷನ್ನಿನಲ್ಲಿ ಮಾಸ್ತರರಾಗಿದ್ದರು” ಎಂದುಬಿಟ್ಟೆ. ನಮ್ಮದು ಅರಸೀಕೆರೆ ಹಾಸನದ ಕಡೆಯ ಮೀಟರ್‌ಗೇಜಿನ ಸಣ್ಣ ನಿಲ್ದಾಣ. 1990ರ ದಶಕದಲ್ಲಿ ಆ ದಾರಿ ಬ್ರಾಡ್‌ಗೇಜಾಯಿತು. ಹಳೆಯ ಕಟ್ಟಡ ಈಗಿಲ್ಲ. “ಹಾಗಾದರೆ ಅದನ್ನೇ ಮಾಡೋಣ” ಎಂದ ಹುಡುಗ. ಯಾವ ಅಂಗಡಿಯಲ್ಲಿಯೂ ಅದರ ಪೆಟ್ಟಿಗೆ ಸಿಗದೆಂದೆ. ಗೋಡೆಯನ್ನು ದಪ್ಪ ಕಾಗದದಲ್ಲಿ ಕೊಯ್ದು, ಕೊಂಡ ಪೆಟ್ಟಿಗೆಯಿಂದ ಮಾಡನ್ನು ಮಾತ್ರ ತೆಗೆದುಕೊಂಡರಾಯಿತೆಂದ. ಇಂಗ್ಲೆಂಡಿನ ಪೆಂಡನ್ ಎಂಬ ಸಂಗ್ರಹಾಲಯದ ವಿಷಯ ನಾನೇ ಅವನಿಗೆ ಹೇಳಿದ್ದೆ. ಆಸ್ಟ್ರೇಲಿಯದಿಂದ ಬಂದ ರಾಯ್ ಇಂಗ್ಲೆಂಡ್ ಎಂಬಾತ, ತನ್ನ ಕಣ್ಣೆದುರಿಗೆ ಬದಲಾಗುತ್ತಿದ್ದ ಒಂದು ಕಣಿವೆಯ ಹಳ್ಳಿಮನೆಗಳನ್ನು ಕಾಗದದಲ್ಲಿ ಕಟ್ಟಿ ಉಳಿಸಲು ಹೊರಟ ಕತೆ ಅದು. ಈಗ ಆ ಕತೆ ನನಗೇ ತಿರುಗಿಬಿತ್ತು.

ಮಾಡಿನ ವಿಷಯದಲ್ಲಿ ಹುಡುಗ ಹೇಳಿದ್ದು ಸರಿಯಾಗಿತ್ತು. ಹೆಂಚಿನ ಸಾಲುಗಳು ನಮ್ಮ ಮಂಗಳೂರು ಹೆಂಚಿನಂತೆಯೇ ಕಂಡವು. ಆಶ್ಚರ್ಯವೇನು? ಮಂಗಳೂರಿನಲ್ಲಿ 1865ರಲ್ಲಿ ಹೆಂಚಿನ ಕಾರ್ಖಾನೆ ಹಾಕಿದ್ದು ಬಾಸೆಲ್ ಮಿಷನ್ನಿನವರು. ಹಳಿಯೂ ದೊರಕಿತು. ಸ್ವಿಟ್ಸರ್ಲೆಂಡಿನ ಬೆಟ್ಟದ ರೈಲುಗಳು ಮೀಟರ್‌ಗೇಜಿನವು. ಅವುಗಳ ಮಾದರಿಗಾಗಿ ಹನ್ನೆರಡು ಮಿಲಿಮೀಟರ್ ಅಗಲದ ಹಳಿ ಮಾರಾಟಕ್ಕಿದೆ. ಬಣ್ಣ ಹಚ್ಚದ ಮನುಷ್ಯರ ಪೊಟ್ಟಣದಿಂದ ಒಬ್ಬನನ್ನು ಆರಿಸಿ ಹುಡುಗ ಬಿಳಿಯ ಕೋಟು ಬಳಿದ. ನನ್ನ ತಂದೆ ಎರಡು ಸೆಂಟಿಮೀಟರ್ ಎತ್ತರದವರಾಗಿ ಮೇಜಿನ ಮೇಲೆ ನಿಂತರು. ಮಗಳು ಬಂದು ನೋಡಿದಳು, ಮಾತಾಡಲಿಲ್ಲ.

“ತಾತ, ಮುಂದಿನ ಗೋಡೆಗೆ ಎಷ್ಟು ಕಮಾನು?”

ಮೂರು, ಎಂದೆ. ಮೂರನೆಯ ಕಮಾನಿನ ಕೆಳಗೆ ಸಾಮಾನು ತೂಗುವ ಯಂತ್ರವಿತ್ತು. ಅದರ ಹಿಂದೆ ನಾನು ಅವಿತು ಕೂರುತ್ತಿದ್ದೆ. ತೂಕದ ಬಟ್ಟಿನ ತಣ್ಪು ಇಂದಿಗೂ ಅಂಗೈಯಲ್ಲಿದೆ. ಹುಡುಗ ಕೊಯ್ದೂಬಿಟ್ಟ. ಆ ಸಂಜೆ ಹಾಸನದಲ್ಲಿರುವ ಅಕ್ಕನಿಗೆ ಫೋನು ಮಾಡಿ ಸಂಭ್ರಮದಿಂದ ಹೇಳಿದೆ.

“ಮೂರಲ್ಲ ಕಣೋ, ಎರಡೇ. ಆಯುಧಪೂಜೆಗೆ ತೋರಣ ಕಟ್ಟುತ್ತಿದ್ದವಳು ನಾನಲ್ಲವೆ?”

“ಹಾಗಾದರೆ ತೂಕದ ಯಂತ್ರ?”

“ಅದು ಆಮೇಲೆ ವರ್ಗವಾಗಿ ಹೋದ ಊರಲ್ಲಿ. ಇಲ್ಲಿ ನೀನು ಕೂರುತ್ತಿದ್ದದ್ದು ನುಗ್ಗೆಮರದ ಕೆಳಗೆ.”

ನುಗ್ಗೆಮರ ನನಗೆ ನೆನಪೇ ಇಲ್ಲ. ಒಂದೇ ನಿಲ್ದಾಣವೆಂದು ಅರುವತ್ತು ವರ್ಷ ಮನಸ್ಸಿನಲ್ಲಿಟ್ಟುಕೊಂಡದ್ದು ಎರಡು ಊರುಗಳನ್ನು ಕರಗಿಸಿ ಬೆಸೆದದ್ದೋ, ಅಥವಾ ಮರೆತದ್ದು ಅಕ್ಕನೋ, ಹೇಳುವವರಾರು? ಅಪ್ಪ, ಅಮ್ಮ ಇಬ್ಬರೂ ಇಲ್ಲ. ಒಂದು ಫೋಟೋ ಕೂಡ ಇಲ್ಲ. ಮನೆಯಲ್ಲಿ ಕ್ಯಾಮೆರಾ ಇಟ್ಟುಕೊಂಡ ಕುಟುಂಬವಲ್ಲ ನಮ್ಮದು.

ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ. ಬೆಳಗ್ಗೆ ಎದ್ದು ನೋಡುತ್ತೇನೆ, ಹುಡುಗ ಎರಡು ಕಮಾನಿನ ಇನ್ನೊಂದು ಗೋಡೆಯನ್ನು ಕೊಯ್ದಿಟ್ಟಿದ್ದಾನೆ. ಮೂರು ಗೋಡೆ, ಮಾಡು, ನೆಲ ಎಲ್ಲವನ್ನೂ ಅಂಟಿಸಿದೆವು. ಮುಂದಿನ ಗೋಡೆಯನ್ನು ಮಾತ್ರ ಹಾಗೆಯೇ ಆನಿಸಿ ನಿಲ್ಲಿಸಿದ್ದೇವೆ. ನಾನು ಅಲ್ಲಿದ್ದಷ್ಟು ದಿನ ಮೂರು ಕಮಾನು ನಿಂತಿತ್ತು. ಮುಂದಿನ ಬೇಸಗೆಯಲ್ಲಿ ಅಕ್ಕ ಸ್ಟಟ್‌ಗಾರ್ಟಿಗೆ ಹೋಗುವವಳಿದ್ದಾಳೆ. ಅವಳ ಗೋಡೆ ರೈತನ ಮನೆಯ ಖಾಲಿ ಪೆಟ್ಟಿಗೆಯಲ್ಲಿ, ಹತ್ತಿಯಲ್ಲಿ ಸುತ್ತಿ ಇಟ್ಟಿದೆ. ಗಿಡ ಮರಗಳ ಪೊಟ್ಟಣದಲ್ಲಿ ನುಗ್ಗೆಗೆ ಹೋಲುವಂಥದೊಂದು ಸಿಕ್ಕೀತೇ ಎಂದು ಹುಡುಗ ಇನ್ನೂ ಹುಡುಕುತ್ತಿದ್ದಾನೆ.