ಮಿದುಳಿಗೆ ಸೇರಿದ ಲಾಡಿಹುಳು ಔಷಧಿಗೆ ಬಗ್ಗದಿರುವುದೇಕೆ?



ಹಳ್ಳಿಗಳಲ್ಲಿ ಕಾಣುವ ಮೂರ್ಛೆಗೆ ಹಂದಿಯ ಲಾಡಿಹುಳುವೂ ಒಂದು ಕಾರಣ. ಹಂದಿಮಾಂಸ ಮುಟ್ಟದವರಿಗೂ ಇದು ತಗಲುತ್ತದೆ. ಗುಳ್ಳೆಗಳಿರುವ ಹಂದಿಮಾಂಸವನ್ನು ಸರಿಯಾಗಿ ಬೇಯಿಸದೆ ತಿಂದವರ ಕರುಳಿನಲ್ಲಿ ಲಾಡಿಹುಳು ಬೆಳೆಯುತ್ತದೆ. ಅವರ ಮಲದಲ್ಲಿ ಬೀಳುವ ಮೊಟ್ಟೆಗಳು ಕೊಳಕು ಕೈ, ನೀರು, ಹಸಿ ತರಕಾರಿಗಳ ಮೂಲಕ ಯಾರ ಹೊಟ್ಟೆ ಸೇರಿದರೂ, ಮರಿಗಳು ರಕ್ತದೊಡನೆ ಮಿದುಳಿಗೆ ಹೋಗಿ ಗುಳ್ಳೆಗಳಾಗಿ ನೆಲೆಸಬಹುದು.

ಕರುಳಿನ ಹುಳುವನ್ನು ಸಾಮಾನ್ಯವಾಗಿ ಒಂದೇ ಸಲದ ಔಷಧಿಯಿಂದ ಕಳೆಯಬಹುದು. ಮಿದುಳಿನ ಗುಳ್ಳೆಯ ಮಾತೇ ಬೇರೆ.

ಮೊದಲನೆಯದಾಗಿ, ಮಿದುಳಿನ ರಕ್ತನಾಳಗಳ ಗೋಡೆ ಬೇಲಿಯಂತೆ ಔಷಧಿಯನ್ನು ತಡೆಯುತ್ತದೆ. ಆಲ್ಬೆಂಡಜೋಲ್ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನುಂಗಿದರೆ ರಕ್ತಕ್ಕೆ ಸೇರುವುದೂ ಕಡಿಮೆ. ಜಿಡ್ಡಿನ ಊಟದೊಡನೆ ಹೆಚ್ಚು ಸೇರುತ್ತದೆ. ಮೂರ್ಛೆಗೆ ಕೊಡುವ ಫೆನಿಟೋಯಿನ್, ಕಾರ್ಬಮಜೆಪಿನ್‌ಗಳು ಪ್ರಾಜಿಕ್ವಾಂಟೆಲ್ ಎಂಬ ಇನ್ನೊಂದು ಔಷಧಿಯ ಪ್ರಮಾಣವನ್ನು ರಕ್ತದಲ್ಲಿ ಇಳಿಸುತ್ತವೆ.

ಎರಡನೆಯದಾಗಿ, ಗುಳ್ಳೆ ಇರುವ ಜಾಗ. ಮಿದುಳಿನ ತಿರುಳಿನಲ್ಲಿರುವ ಒಂದೆರಡು ಗುಳ್ಳೆಗಳಿಗೆ 10ರಿಂದ 14 ದಿನಗಳ ಚಿಕಿತ್ಸೆ ಸಾಕಾಗಬಹುದು. ಮಿದುಳಿನ ಬುಡದ ನೀರಿನ ಜಾಗದಲ್ಲಿ ದ್ರಾಕ್ಷಿ ಗೊಂಚಲಿನಂತೆ ಹಬ್ಬಿದ್ದರೆ ತಿಂಗಳುಗಟ್ಟಲೆ ಚಿಕಿತ್ಸೆ ಬೇಕು. ಮಿದುಳಿನೊಳಗಿನ ನೀರಿನ ಹಾದಿಗೆ ಅಡ್ಡ ಸಿಕ್ಕಿದರೆ ಶಸ್ತ್ರಚಿಕಿತ್ಸೆಯೇ ಆಗಬೇಕಾಗಬಹುದು.

ಮೂರನೆಯದಾಗಿ, ಹುಳು ಸತ್ತ ಮೇಲೂ ಸುಣ್ಣಗಟ್ಟಿದ ಕಲೆ ಉಳಿದು ಮೂರ್ಛೆ ಬರಿಸಬಹುದು. ಅದಕ್ಕೆ ಹುಳುವಿನ ಮಾತ್ರೆ ಪ್ರಯೋಜನವಿಲ್ಲ. ಮೂರ್ಛೆಯ ಮಾತ್ರೆ ಬೇಕು. ಅದನ್ನು ವೈದ್ಯರನ್ನು ಕೇಳದೆ ನಿಲ್ಲಿಸಬಾರದು.

ಇನ್ನೊಂದು ಎಚ್ಚರಿಕೆ. ಗುಳ್ಳೆ ಸಾಯುವಾಗ ಸುತ್ತಲಿನ ಮಿದುಳು ಊದಿಕೊಂಡು ಮೂರ್ಛೆ ಹೆಚ್ಚಬಹುದು. ಆದುದರಿಂದಲೇ ವೈದ್ಯರು ಮೊದಲು ಸ್ಕ್ಯಾನ್ ಮಾಡಿಸಿ, ಕಣ್ಣು ಪರೀಕ್ಷಿಸಿ, ಊತ ತಗ್ಗಿಸುವ ಔಷಧಿಯನ್ನೂ ಜೊತೆಗೆ ಕೊಡುತ್ತಾರೆ. ಮೂರ್ಛೆ ಬಂದವರಿಗೆ ಅಂಗಡಿಯಿಂದ ಹುಳುವಿನ ಮಾತ್ರೆ ತಂದು ನುಂಗಿಸುವುದು ಅಪಾಯ.

ಹಂದಿಗಳಲ್ಲೂ ಇದೇ ಕಥೆ. ಕಿಲೋ ತೂಕಕ್ಕೆ 30 ಮಿ.ಗ್ರಾಂ. ಆಕ್ಸ್‌ಫೆಂಡಜೋಲ್ ಕೊಟ್ಟರೆ ಮಾಂಸದ ಗುಳ್ಳೆಗಳು ಸಾಯುತ್ತವೆ. ಮಿದುಳಿನವು ಕೆಲವು ಉಳಿಯಬಹುದು. ಹಂದಿಗೆ ಲಸಿಕೆಯೂ ಇದೆ. ಎರಡನ್ನೂ ಪಶುವೈದ್ಯರ ಸಲಹೆಯಂತೆ ಕೊಡಿಸಬೇಕು. ಔಷಧಿ ಕೊಟ್ಟ ಮೇಲೆ ಅವರು ಹೇಳಿದ ದಿನಗಳವರೆಗೆ ಮಾಂಸಕ್ಕೆ ಕಡಿಯಬಾರದು.

ರೋಗ ಬಾರದಂತೆ ತಡೆಯುವುದು ರೈತರ ಕೈಯಲ್ಲೇ ಇದೆ. ಶೌಚಾಲಯವನ್ನೇ ಬಳಸಿ. ಹಂದಿಗಳನ್ನು ಬೀದಿಗೆ ಬಿಡದೆ ಕೊಟ್ಟಿಗೆಯಲ್ಲಿ ಸಾಕಿ. ಮನುಷ್ಯರ ಹಸಿ ಮಲವನ್ನೂ ಚರಂಡಿ ನೀರನ್ನೂ ತರಕಾರಿ ಮಡಿಗಳಿಗೆ ಬಿಡಬೇಡಿ. ಊಟಕ್ಕೆ, ಅಡಿಗೆಗೆ ಮುಂಚೆ ಸೋಪಿನಿಂದ ಕೈ ತೊಳೆಯಿರಿ. ಮಲದಲ್ಲಿ ಲಾಡಿಯ ತುಂಡು ಕಂಡವರು ಕೂಡಲೇ ಆಸ್ಪತ್ರೆಗೆ ಹೋಗಲಿ. ಅವರೊಬ್ಬರು ಗುಣವಾದರೆ ಮನೆಮಂದಿಗೆಲ್ಲ ಅಪಾಯ ಕಡಿಮೆಯಾಗುತ್ತದೆ.